ಮಾರಿ ನೋಡೇ ಕಳ್ಳನ್ನ ಹಿಡೀತೀವ್ರಿ

ಕಲಬುರಗ್ಯಾಗ ಈಗ ಕಳವಾದ್ರ ಕಳ್ಳನ್ನ ಹುಡುಕೋರು ಕಮ್ಮಿ, ಅವನ ಮನಸ್ಸು ಓದೋರೇ ಭಾಳ ಆಗ್ಯಾರ. ಸೂಪರ್ ಮಾರ್ಕೆಟ್ ಕಡಿ ಸುಸಲಾ ಮಿರ್ಚಿ ತಿನ್ನಕೋತ ನಿಂತ್ರ ಸಾಕು, ಮೊಬೈಲ್‌ನಾಗ ನಾಕು ಕ್ರೈಂ ಸೀರೀಸ್ ನೋಡಿದ ಹುಡುಗ "ಕಾಕಾ, ಇದು ಗುರ್ತಿನವರದೇ ಕೆಲಸ, ವಯಸ್ಸು ಇಪ್ಪತ್ತರಿಂದ ನಲವತ್ತು, ರೊಕ್ಕದ ತೊಂದ್ರಿ ಅದ, ಒಳಗ ಸಿಟ್ಟದ" ಅಂತ ಪ್ರೊಫೈಲ್ ಕೊಡ್ತಾನ. ಮೇ ತಿಂಗಳ ಬಿಸಲಾಗ ಕರೆಂಟ್ ಹೋದ್ರ ಈ ಪ್ರೊಫೈಲ್‌ಗೆ ಹೊಂದಲಾರದೋನು ಊರಾಗ ಯಾರದಾನ್ರೀ?

ಠಾಣಾದಾಗಿನ ಬಿಹೇವಿಯರ್ ಅನಾಲಿಸಿಸ್ ಇನ್ನೂ ಸಲೀಸು. ಓಡಿದ್ರ ಕಳ್ಳ, ಓಡ್ಲಿಲ್ಲಂದ್ರ ಪಳಗಿದ ಕಳ್ಳ. ಅತ್ರ ನಾಟಕ, ಅಳಲಿಲ್ಲಂದ್ರ ಕಲ್ಲೆದಿ. ಸಾಹೇಬ್ರ ಕಣ್ಣಾಗ ಕಣ್ಣಿಟ್ಟು ನೋಡಿದ್ರ ಸೊಕ್ಕು, ತಲಿ ತಗ್ಗಿಸಿದ್ರ ಒಪ್ಪಿಗಿ.

ಈ ವಿದ್ಯಾಕ್ಕ ದೊಡ್ಡ ಹೆಸರು ತಂದಿದ್ದು ನ್ಯೂಯಾರ್ಕ್‌ನ ಬಾಂಬ್ ಕೇಸ್. 1956ರಾಗ ಬ್ರಸೆಲ್ ಅನ್ನೋ ಮನೋವೈದ್ಯರು, ಬಾಂಬ್ ಇಡೋನು ಸಿಕ್ಕಾಗ ಡಬಲ್ ಬ್ರೆಸ್ಟ್ ಕೋಟು ಗುಂಡಿ ಹಾಕ್ಕೊಂಡೇ ಇರ್ತಾನ ಅಂದ್ರಂತ. 1957ರ ಜನವರಿ ಒಂದು ರಾತ್ರಿ ಪೊಲೀಸ್ರು ಆ ಬಾಂಬ್ ಇಟ್ಟ ಮೆಟೆಸ್ಕಿ ಅನ್ನೋನ ಮನಿ ಬಾಗಲಾ ಬಡದ್ರ ಅವ ಪೈಜಾಮದಾಗ ಬಂದ, ಅರಿವಿ ಹಾಕ್ಕೊಂಡು ಬಾ ಅಂದಮ್ಯಾಲ ಕೋಟು ಹಾಕ್ಕೊಂಡ. ಜಗತ್ತಿಗೆ ಆ ಕೋಟೇ ನೆನಪು ಉಳೀತು, ಆದ್ರ ಖರೆ ಅವನ ಹೆಸರು ಹುಡುಕಿದಾಕಿ ಅವ ಹಿಂದ ಕೆಲಸ ಮಾಡಿದ ಕರೆಂಟ್ ಕಂಪನಿಯಾಗ ಹಳೀ ಫೈಲ್ ತಿರುವಿ ಹಾಕಿದ ಆಲಿಸ್ ಕೆಲಿ ಅನ್ನೋ ಕ್ಲರ್ಕ್ ಬಾಯಿ. ಹಳೀ ಫೈಲ್ ಕೇಳಿದ್ರ ನಮ್ಮ ಕಡಿ ಆಫೀಸಿನಾಗ ಏನಂತಾರ ಅನ್ನೋದು ನಿಮಗೂ ಗೊತ್ತದ ಬಿಡ್ರಿ.

2002ರಾಗ ವಾಷಿಂಗ್ಟನ್ ಸುತ್ತ ಗುಂಡು ಹಾರಿಸಿ 10 ಮಂದಿನ ಕೊಂದಾಗ ಟಿವಿ ಪಂಡಿತರು ಒಬ್ಬನೇ ಬಿಳಿ ಮನುಷ್ಯಾ ಅಂದ್ರು, ಎಲ್ಲಾರೂ ಬಿಳಿ ವ್ಯಾನ್ ಹಿಂದ ಬಿದ್ರು. ಸಿಕ್ಕೋರು ಇಬ್ಬರು ಕರಿಯರು, ನೀಲಿ ಕಾರು. ನಮಗೇನು ಇದು ಹೊಸದಲ್ರಿ, 1871ರಾಗೇ ಇಂಗ್ಲಿಷರು ಜಾತಿಗೆ ಜಾತಿನೇ ಹುಟ್ಟಾ ಕಳ್ಳರು ಅಂತ ಕಾನೂನು ಮಾಡಿ ಹಾಜರಿ ಹಾಕಿಸಿದ್ರು. ಸ್ವಾತಂತ್ರ್ಯ ಬಂದು ಐದು ವರ್ಷ ಆದಮ್ಯಾಲ, 1952ರಾಗ ಅದು ಹೋಯ್ತು, ಆದ್ರ ಯಾವ ಓಣಿಯಿಂದ ಮೊದಲು ಹುಡುಗರನ್ನ ಎತ್ತಬೇಕು ಅನ್ನೋದು ಜೀಪಿಗೆ ಇನ್ನೂ ಬಾಯಿಪಾಠ ಅದ.

ಮೊನ್ನೆ ನಮ್ಮ ಓಣ್ಯಾಗ ಒಬ್ಬನ ಬೈಕ್ ಹೋಯ್ತು. ಕಂಪ್ಲೇಂಟ್ ಬರಿಯುವಾಗ ಕೈ ನಡುಗಿತು ಅಂತ ಮೊದಲು ಅವನ್ನೇ ಕೂಡ್ಸಿ ಕೇಳ್ಯಾರ, ಆಮ್ಯಾಲ ಆ ಖಾಯಂ ಓಣಿ ಹುಡುಗರನ್ನ ತಂದಾರ, ಮಿರ್ಚಿ ಅಂಗಡಿ ಪಂಡಿತ ಅವನ ಭಾವನ ಮ್ಯಾಗ ಡೌಟ್ ಅಂದಾನ. ಕಡಿಗಿ ಬೈಕ್ ಸಿಕ್ತು. ಮೂರು ಕಂತು ಕಟ್ಟಿಲ್ಲಂತ ಫೈನಾನ್ಸ್‌ನವರು ಒಯ್ದಿದ್ರು.