ಚಿರತೆಗೆ ಕೆವೈಸಿ ಮಾಡಿಸಿ

ಬೆಂಗಳೂರಿನ ಅಂಚಿನಲ್ಲಿ ಚಿರತೆ ಕಂಡಿತು ಅಂದರೆ ಸಾಕು, ಟಿವಿಯಲ್ಲಿ ಆಫ್ರಿಕಾದ ಚೀತಾ ಓಡಲು ಶುರು. ಕಡ್ಡಿ ಕಾಲು, ಪುಟ್ಟ ತಲೆ, ಅತ್ತು ಕಣ್ಕಪ್ಪು ಇಳಿದ ಹಾಗೆ ಕಣ್ಣಿನಿಂದ ಬಾಯಿವರೆಗೆ ಎರಡು ಕಪ್ಪು ಗೆರೆ. ಹಿಂದೆ ಬಟಾಬಯಲು. ಕೆಳಗೆ ಕೆಂಪು ಪಟ್ಟಿ: ನಗರಕ್ಕೆ ನುಗ್ಗಿದ ಚಿರತೆ!

ನಮ್ಮ ಚಿರತೆಗೆ ಆ ಗೆರೆ ಇಲ್ಲ ಸ್ವಾಮಿ. ಅದು ಅತ್ತರೂ ಮುಖ ಒರೆಸಿಕೊಂಡೇ ಬರುತ್ತದೆ. ಚೀತಾದ್ದು ಮಸಿ ಬೆರಳು ಒತ್ತಿದಂಥ ತುಂಬು ಚುಕ್ಕೆ, ಚಿರತೆಯದ್ದು ಎಸಳು ಜೋಡಿಸಿದ ಹಾಗೆ ಅಲ್ಲಲ್ಲಿ ಒಡೆದ ಉಂಗುರ. ಒಂದರ ಉಂಗುರದ ಹಾಗೆ ಇನ್ನೊಂದರದ್ದು ಇರುವುದಿಲ್ಲ, ಒಂದೇ ಚಿರತೆಯ ಎಡಮೈ ಬಲಮೈ ಕೂಡ ಬೇರೆ ಬೇರೆ, ಥೇಟ್ ನಮ್ಮ ಆಧಾರ್‌ಗೂ ಪ್ಯಾನ್‌ಗೂ ಹೆಸರು ಹೊಂದದ ಹಾಗೆ. ಪಾಪ, ಗುರುತಿನ ಚೀಟಿ ಮೈಮೇಲೇ ಹೊತ್ತು ತಿರುಗಿದರೂ ಯಾರೂ ಓದುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕುನೋ ಕಾಡಿಗೆ 8 ಚೀತಾ ಬಂದಿಳಿದಾಗ, ದೇಶಕ್ಕೆ ಚಿರತೆ ವಾಪಸ್ ಬಂತು ಅಂತ ಖುಷಿಪಟ್ಟವರೂ ಇದ್ದರು. ಆ ವರ್ಷದ ಅಂದಾಜಿನಲ್ಲಿ ಕರ್ನಾಟಕ ಒಂದರಲ್ಲೇ 1,879 ಚಿರತೆ!

ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪು ಇನ್ನೂ ಒಂದು ಹೆಜ್ಜೆ ಮುಂದೆ. ಕಳೆದ ತಿಂಗಳು ಸಿಸಿಟಿವಿಯಲ್ಲಿ "ಚಿರತೆ" ಸಿಕ್ಕಿತು. ಗಂಡು ಚಿರತೆ ಐವತ್ತು ಕಿಲೋ ದಾಟುತ್ತದೆ, ಬಾಲವೇ ಎರಡೂವರೆ ಅಡಿ ಬರುತ್ತದೆ. ಇದು ಹೂಕುಂಡದ ಪಕ್ಕ ಹಾದಾಗ ಕುಂಡವೇ ಎತ್ತರ ಕಾಣುತ್ತಿತ್ತು. ಪುನುಗು ಬೆಕ್ಕು ಕಣ್ರೀ ಅಂದೆ. ಸೆಕ್ರೆಟರಿ ಯೋಚಿಸಿ ಬರೆದರು: "ಹಾಗಾದ್ರೆ ಮರಿ ಇರ್ಬೇಕು ಸಾರ್. ತಾಯಿ ಇಲ್ಲೇ ಎಲ್ಲೋ ಇರುತ್ತೆ." ಮೂರು ದಿನ ವಾಕಿಂಗ್ ಬಂದ್.

ಇದೇ ಜನ ರಜೆ ಬಂದರೆ ಕಬಿನಿಗೆ ಹೋಗಿ, ದುಡ್ಡು ಕೊಟ್ಟು, ಕರಿಚಿರತೆ ಕಾಣಲಿ ಅಂತ ಹರಕೆ ಹೊರುತ್ತಾರೆ. ಅದೇನು ಬೇರೆ ಪ್ರಾಣಿಯಾ? ಚಿರತೆಯೇ, ಬಣ್ಣ ಕಪ್ಪು ಅಷ್ಟೆ. ಓರೆ ಬಿಸಿಲು ಬಿದ್ದರೆ ಕಪ್ಪಿನೊಳಗೂ ಅದೇ ಉಂಗುರ ಕಾಣುತ್ತದೆ. ಆದರೆ ಅದರ ಹಳದಿ ಸೋದರ ಇವರ ಲೇಔಟ್ ಹತ್ತಿರ ಸುಮ್ನೆ ಹಾದು ಹೋದರೂ, ಕೂಡಲೇ ಬೋನು ಇಡಿಸಿ ಅಂತ ಅರ್ಜಿ.

ಮೊನ್ನೆ ಗೇಟಿಗೆ ಫ್ಲೆಕ್ಸೂ ಬಂತು. "ಚಿರತೆ ಇದೆ, ಎಚ್ಚರಿಕೆ." ಚಿತ್ರ ದೊಡ್ಡದಾಗಿದೆ, ಪ್ರಿಂಟೂ ಚೆನ್ನಾಗಿದೆ. ಕಣ್ಣಿನಿಂದ ಬಾಯಿವರೆಗೆ ಎರಡು ಕಪ್ಪು ಗೆರೆ.