ಬೆಳಗಾದರೆ ಪರೀಕ್ಷೆ

ದೂರದ ಗೆಳೆಯನೊಬ್ಬನಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವ ಹುಮ್ಮಸ್ಸು ಒಂದು ಕಾಲದಲ್ಲಿ ನನಗಿತ್ತು. ಅವನಿಗೆ ಕನ್ನಡ ಬಾರದು, ನನಗೆ ಇಂಗ್ಲಿಷ್ ಬಾರದು. ಜಗಳಕ್ಕೆ ಆಸ್ಪದವೇ ಇರಲಿಲ್ಲ. ಒಂದು ರಾತ್ರಿ ‘ಬೆಳಗಾದರೆ ಪರೀಕ್ಷೆ, ಹೆಚ್ಚು ಬರೆಯಲಾರೆ’ ಎಂದು ಮನಸ್ಸಿನಲ್ಲೇ ಅಂದುಕೊಂಡು ಅದನ್ನೇ ಪದಕ್ಕೆ ಪದ ಇಳಿಸಿದೆ: ‘ಇಫ್ ದ ಮಾರ್ನಿಂಗ್ ಕಮ್ಸ್, ಐ ಹ್ಯಾವ್ ಎಕ್ಸಾಮ್.’ ಅವನ ಉತ್ತರದಲ್ಲಿ ಪರೀಕ್ಷೆಯ ಸುದ್ದಿಯೇ ಇರಲಿಲ್ಲ. ‘ಯಾಕೆ, ಬೆಳಗಾಗುವುದೂ ಅನುಮಾನವೇ?’ ಎಂದಷ್ಟೇ ಕೇಳಿದ್ದ.

ತಪ್ಪು ನನ್ನದಲ್ಲ, ನಮ್ಮ ‘ರೆ’ಯದು. ಖಂಡಿತ ಆಗುವುದಕ್ಕೂ ಅದೇ, ಆದರೂ ಆಗಬಹುದು ಎನ್ನುವಂಥದ್ದಕ್ಕೂ ಅದೇ. ‘ಅವನು ಬಂದರೆ ಹೇಳು’ ಅಂದರೆ ಬರುವುದು ಗ್ಯಾರಂಟಿಯೋ ಅಲ್ಲವೋ, ಹೇಳಿದವರ ಮುಖ ನೋಡಿ ತಿಳಿದುಕೊಳ್ಳಬೇಕು. ಇಂಗ್ಲಿಷಿನವರಿಗೆ ಆ ಪುರುಸೊತ್ತಿಲ್ಲ. ಬರುವುದು ಖಾತ್ರಿಯಾದರೆ ‘ವೆನ್’, ಅನುಮಾನವಿದ್ದರೆ ‘ಇಫ್’. ಅದೂ ಅನುಮಾನವನ್ನು ಬಾಗಿಲಲ್ಲೇ ನಿಲ್ಲಿಸಿರುತ್ತಾರೆ. ವಾಕ್ಯ ಶುರುವಾಗುವ ಮೊದಲೇ ಎಚ್ಚರಿಕೆ. ನಮ್ಮಲ್ಲಿ ‘ನೀನು ಯಾರಿಗೂ ಹೇಳದೆ ಕೇಳದೆ ಒಬ್ಬನೇ ಅಷ್ಟು ದೂರ ಹೋಗಿ ಬಂದ...’ ಎನ್ನುವವರೆಗೂ ಇದು ಬೈಗುಳವೋ ಷರತ್ತೋ ಗೊತ್ತಾಗುವುದಿಲ್ಲ. ಕೊನೆಗೊಂದು ಪುಟ್ಟ ಬಾಲ ಅಲ್ಲಾಡಿದರೆ ಸಮಾಧಾನ. ಅಷ್ಟು ಹೊತ್ತು ತಡೆಯಲಾರದವರಿಗಾಗಿಯೇ ‘ಒಂದು ವೇಳೆ’, ‘ಅಕಸ್ಮಾತ್’ಗಳು ಹುಟ್ಟಿರಬೇಕು.

ಆಮೇಲೆ ಇದನ್ನು ಕ್ರಮವಾಗಿ ಕಲಿಯಲು ಕೂತೆ. ವ್ಯಾಕರಣ ಪುಸ್ತಕ ‘ಇಫ್’ ವಾಕ್ಯಗಳನ್ನು ನಾಲ್ಕು ಬಗೆ ಮಾಡಿ, ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡಿತ್ತು. ಸೊನ್ನೆಯದು ನೀರಿನ ಕಥೆ: 100 ಡಿಗ್ರಿಗೆ ಕಾಯಿಸಿದರೆ ಕುದಿಯುತ್ತದೆ. ಒಂದನೆಯದು ಮಳೆಯ ಕಥೆ: ಬಂದರೆ ಮನೆಯಲ್ಲೇ ಇರುತ್ತೇನೆ. ಎರಡನೆಯದು ರೆಕ್ಕೆ ಅಥವಾ ಲಾಟರಿ: ಇದ್ದರೆ ಹಾರುತ್ತಿದ್ದೆ, ಹೊಡೆದರೆ ಕೆಲಸ ಬಿಡುತ್ತಿದ್ದೆ. ಮೂರನೆಯದು ತಪ್ಪಿಹೋದ ರೈಲು: ಬೇಗ ಹೊರಟಿದ್ದರೆ ಸಿಗುತ್ತಿತ್ತು. ಪುಸ್ತಕ ಬರೆದವರು ಬೇಕೆಂದೇ ಹಾಗೆ ಜೋಡಿಸಿದರೋ ಏನೋ, ಪಾಠ ಮುಂದುವರಿದಂತೆ ಮನುಷ್ಯನ ಕೈಲಿ ಏನೂ ಉಳಿಯುವುದಿಲ್ಲ.

ಒಂದನೆಯದರಲ್ಲೇ ನಾನು ಮುಗ್ಗರಿಸಿದೆ. ಮಳೆ ಬರಬೇಕಾದದ್ದು ನಾಳೆ, ನಾಳೆಗೆ ‘ವಿಲ್’ ಹಾಕಬೇಕು; ಆದ್ದರಿಂದ ‘ಇಫ್ ಇಟ್ ವಿಲ್ ರೇನ್, ಐ ವಿಲ್ ಸ್ಟೇ ಅಟ್ ಹೋಮ್’. ತರ್ಕದಲ್ಲಿ ಲೋಪವಿಲ್ಲ ನೋಡಿ. ಮೇಷ್ಟ್ರು ಮೊದಲನೆಯ ‘ವಿಲ್’ಗೆ ಕೆಂಪು ಗೆರೆ ಎಳೆದು ‘ಇಟ್ ರೇನ್ಸ್’ ಎಂದು ತಿದ್ದಿದರು. ‘ವಿಲ್ ಆ ಕಡೆ ಇದೆಯಲ್ಲಪ್ಪ, ಈ ಕಡೆ ಯಾಕೆ?’ ಎಂದರು. ‘ಇಫ್’ ಭಾಗ ಮೊದಲು ಬಂದರೆ ನಡುವೆ ಅಲ್ಪವಿರಾಮ, ಹಿಂದೆ ಹೋದರೆ ಬೇಡ ಎಂಬುದನ್ನೂ ಅವರೇ ಹೇಳಿದ್ದು. ಅದು ಸುಲಭವಾಗಿ ಹತ್ತಿತು.

ಹತ್ತದೆ ಉಳಿದದ್ದು ಎರಡನೆಯದು. ‘ಇಫ್ ಐ ಹ್ಯಾಡ್ ವಿಂಗ್ಸ್, ಐ ವುಡ್ ಫ್ಲೈ.’ ರೆಕ್ಕೆ ಬೇಕಾಗಿರುವುದು ಈಗ, ಹಾರಬೇಕಾಗಿರುವುದೂ ಈಗ. ನಡುವೆ ಭೂತಕಾಲಕ್ಕೇನು ಕೆಲಸ? ಕೇಳಿದರೆ ‘ಅದು ರೂಲು’ ಎಂಬ ಉತ್ತರ ಬಂತು. ‘ಇಫ್ ಐ ವರ್ ಯು’ ಇನ್ನೂ ವಿಚಿತ್ರ. ‘ಐ’ ಜೊತೆ ‘ವಾಸ್’ ಎಂದು ಬಾಯಿಪಾಠ ಮಾಡಿಸಿದವರೇ ಇಲ್ಲಿ ‘ವರ್’ ಎನ್ನುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಇಂಥ ಕಲ್ಪನೆಯ ಮಾತಿಗೆ ಕ್ರಿಯಾಪದದ ಬೇರೆಯದೇ ರೂಪವಿತ್ತಂತೆ. ಈ ‘ವರ್’ ಅದರ ಪಳೆಯುಳಿಕೆ. ಅಂದಹಾಗೆ, ಇಂಗ್ಲಿಷಿನವನು ಬುದ್ಧಿ ಹೇಳುವಾಗ ಸೀದಾ ನೀನೇ ಆಗಿಬಿಡುತ್ತಾನೆ. ನಮ್ಮದು ಸಂಕೋಚದ ಜಾತಿ: ‘ನಿನ್ನ ಜಾಗದಲ್ಲಿ ನಾನಿದ್ದರೆ’ ಎಂದು ಕೂರಲು ಜಾಗ ಮಾತ್ರ ಕೇಳುತ್ತೇವೆ.

ಭೂತಕಾಲದ ಒಗಟು ಬಿಡಿಸಿಕೊಟ್ಟದ್ದು ಕೊನೆಗೂ ಕನ್ನಡವೇ. ‘ನಾಳೆ ಬಂದರೆ’ ಎಂದು ಯಾರೋ ಅಂದದ್ದು ಕಿವಿಗೆ ಬಿದ್ದು ಥಟ್ಟನೆ ನಿಂತೆ. ಬಂದ, ಅದಕ್ಕೊಂದು ರೆ. ಬರುವುದು ನಾಳೆ, ಮಾತಿನೊಳಗೆ ಕೂತಿರುವುದು ‘ಬಂದ’! ಮಾಡಿದ-ರೆ, ಹೋದ-ರೆ, ಕೊಟ್ಟ-ರೆ, ಎಲ್ಲದರ ಹೊಟ್ಟೆಯಲ್ಲೂ ಭೂತ. ‘ಬರುತ್ತರೆ’ ಎಂದು ಮಗುವೂ ಅನ್ನುವುದಿಲ್ಲ. ‘ಬರುವುದಾದರೆ’ ಎಂದು ತಪ್ಪಿಸಿಕೊಳ್ಳಲು ನೋಡಿದರೆ ಅಲ್ಲೂ ಕೊನೆಯಲ್ಲಿ ‘ಆದ’ ಕಾದಿರುತ್ತದೆ. ಹಳಗನ್ನಡದ ‘ಬಂದೊಡೆ’ಯೂ ಇದೇ ಸಂಸಾರದ್ದು. ಇಂಗ್ಲಿಷಿನವರು ಎರಡನೆಯ ಬಗೆಯಲ್ಲಷ್ಟೇ ಮಾಡುವ ಕೆಲಸವನ್ನು ನಾವು ಮಳೆಗೂ ನೀರಿಗೂ ಮಾಡುತ್ತ ಬಂದಿದ್ದೇವೆ. ನಾನು ಮಾತ್ರ ವರ್ಷಗಟ್ಟಲೆ ಅವರನ್ನು ಬೈದುಕೊಂಡಿದ್ದೆ.

ಇನ್ನು ‘ವುಡ್’. ಕಲ್ಪನೆಯ ‘ವುಡ್ ಗೋ’ ಅಲ್ಲದೆ ಇನ್ನೊಂದಿದೆ: ಚಿಕ್ಕಂದಿನಲ್ಲಿ ದಿನಾ ಎಲ್ಲಿಗೋ ಹೋಗುತ್ತಿದ್ದೆ ಎನ್ನುವುದಕ್ಕೂ ಅದೇ ‘ವುಡ್ ಗೋ’. ಒಂದೇ ಪದಕ್ಕೆ ಎರಡು ಕೆಲಸವೇ ಎಂದು ಮೂಗು ಮುರಿಯುವ ಮುಂಚೆ ನಮ್ಮ ‘ಹೋಗುತ್ತಿದ್ದೆ’ಯನ್ನು ನೋಡಿ. ದಿನಾ ಹೋಗುತ್ತಿದ್ದೆ, ಕರೆದಿದ್ದರೆ ಹೋಗುತ್ತಿದ್ದೆ. ನಿಜವಾಗಿ ಹೋದವನಿಗೂ ಹೋಗದೆ ಕೂತವನಿಗೂ ಒಂದೇ ಕ್ರಿಯಾಪದ. ಪರಿಚಯವೇ ಇಲ್ಲದ ಎರಡು ಮನೆಯವರು ಒಂದೇ ಬೀಗ ಮಾಡಿಸಿದ ಹಾಗೆ.

ಮೂರನೆಯ ಬಗೆಯ ಅಭ್ಯಾಸದಲ್ಲಿ ‘ಇಫ್ ಐ ಹ್ಯಾಡ್ ಹ್ಯಾಡ್ ಟೈಮ್’ ಎಂದಿತ್ತು. ಅಚ್ಚಿನ ತಪ್ಪೆಂದು ಒಂದು ‘ಹ್ಯಾಡ್’ ಅನ್ನು ಪೆನ್ಸಿಲ್ಲಿನಲ್ಲಿ ಹೊಡೆದುಹಾಕಿದ್ದೆ. ಆ ಪುಸ್ತಕ ಮೊನ್ನೆ ಮತ್ತೆ ಕೈಗೆ ಸಿಕ್ಕಿತು. ಗೆರೆಯ ಪಕ್ಕದಲ್ಲಿ ಕನ್ನಡದ ಅರ್ಥವನ್ನೂ ನಾನೇ ಬರೆದಿದ್ದೆ: ‘ಸಮಯ ಇದ್ದಿದ್ದರೆ’. ಇದ್ದು, ಇದ್ದ, ಎರಡು ಸಲ, ನನ್ನದೇ ಅಕ್ಷರದಲ್ಲಿ. ರಬ್ಬರು ಹುಡುಕಿ ಗೆರೆ ಅಳಿಸಿದೆ.

ಗೆಳೆಯನಿಗೆ ಇದನ್ನು ಬರೆಯೋಣವೆಂದರೆ ಅವನ ವಿಳಾಸ ಎಲ್ಲೋ ಕಳೆದುಹೋಗಿದೆ. ಇದ್ದಿದ್ದರೆ ಬರೆಯುತ್ತಿದ್ದೆ.