ಮಕ್ಕಳ ಹುಟ್ಟೂರು ನೋಡಿ
ಅಮೆರಿಕದ ಆರೆಗಾನ್ ದಾರಿಯಲ್ಲಿ (19ನೇ ಶತಮಾನದಲ್ಲಿ ವಲಸಿಗರು ಮಿಸೌರಿಯಿಂದ ಆರೆಗಾನ್‌ಗೆ ಹೋದ ಹಾದಿ) ಬಂಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೋದ ಪೂರ್ವಿಕರನ್ನು ಹುಡುಕಲು ಪ್ರಯಾಣಿಕರ ಪಟ್ಟಿಯಿಂದ ಶುರು ಮಾಡಿ ಅಂತ ಒಂದು ಲೇಖನದಲ್ಲಿದೆ. ಆದರೆ ಬಂಡಿಗಳಿಗೆ ಅಂಥ ಪಟ್ಟಿ ಇರುತ್ತಿದ್ದದ್ದೇ ಕಡಿಮೆ ಅಲ್ವಾ? ಮಾರ್ಮನ್ ಎಂಬ ಕ್ರೈಸ್ತ ಪಂಗಡದವರದ್ದು ಬೇರೆ ಮಾತು, ಅವರ ಚರ್ಚ್ ಚೆನ್ನಾಗಿ ದಾಖಲೆ ಇಟ್ಟಿದೆ. ಉಳಿದವರಿಗೆ ಜನಗಣತಿಯೇ ಗತಿ. 1850ರಿಂದ ಮನೆಯ ಎಲ್ಲರ ಹೆಸರು, ಹುಟ್ಟಿದ ರಾಜ್ಯ ಬರೆದಿದ್ದಾರೆ (ಗುಲಾಮರನ್ನು ಬಿಟ್ಟು, ಅದೇ ಬೇಸರ). ದೊಡ್ಡ ಮಗ ಒಹಾಯೊ, ನಡುವಿನವಳು ಮಿಸೌರಿ, ಕೂಸು ಆರೆಗಾನ್ ಅಂತಿದ್ದರೆ ಹೊರಟ ಕಾಲ ಹೆಚ್ಚುಕಡಿಮೆ ಸಿಕ್ಕಿತು. ಆಮೇಲೆ 1850ರ ಆರೆಗಾನ್ ಜಮೀನು ಕಾಯ್ದೆಯ ಕಡತಗಳು. ಆ ವರ್ಷದ ಡಿಸೆಂಬರ್‌ಗೆ ಮುಂಚೆ ನೆಲೆಸಿದ ಗಂಡ ಹೆಂಡತಿಗೆ ಸರ್ಕಾರದಿಂದ ಪುಕ್ಕಟೆ 640 ಎಕರೆ, ಅದರಲ್ಲಿ ಅರ್ಧ ಹೆಂಡತಿಯ ಹೆಸರಿಗೇ! ಮದುವೆ ಎಲ್ಲಿ, ಯಾವಾಗ ಆಯಿತು ಅಂತಲೂ ಬರೆಸುತ್ತಿದ್ದರು. ಬೇರೆ ಕಡೆ ಸಿಗದ ಮುತ್ತಜ್ಜಿಯರ ಸುಳಿವು ಅಲ್ಲೇ ಜಾಸ್ತಿ.